ಸ್ಪರ್ಧೆಗೆ ಬಾರದ ಮಕ್ಕಳ ಲೆಕ್ಕ

ಕಳೆದ ವರ್ಷ ಬಸವಕಲ್ಯಾಣದಲ್ಲಿ ನಡೆದ ಶಾಲಾ ಮಕ್ಕಳ ಸ್ಪರ್ಧೆಯೊಂದಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ನಿವೃತ್ತ ಅಧಿಕಾರಿಗಳಿಗೆ ಬರುವ ಆಹ್ವಾನಗಳಲ್ಲಿ ಇದರಷ್ಟು ಹಿತಕರವಾದುದು ಬೇರೊಂದಿಲ್ಲ. ಭಾಷಣ ಮಾಡಬೇಕಿಲ್ಲ, ಕುಳಿತು ನೋಡಿದರಾಯಿತು. ಛದ್ಮವೇಷದ ಸರದಿ ಬಂದಾಗ ಒಂದೇ ಬೆಳಿಗ್ಗೆ ಮೂವರು ಬಸವಣ್ಣಂದಿರು, ಇಬ್ಬರು ಅಕ್ಕಮಹಾದೇವಿಯರು, ಒಬ್ಬ ಶಿವಾಜಿ ಮಹಾರಾಜ ವೇದಿಕೆ ಏರಿ ಇಳಿದರು. ಕಿರೀಟ, ಜರಿಯಂಚಿನ ಬಟ್ಟೆ, ಹತ್ತಿಯ ಗಡ್ಡ ಎಲ್ಲವೂ ಬಾಡಿಗೆಗೆ ತಂದವು. ಕೊನೆಗೆ ಬಂದ ಹುಡುಗನೊಬ್ಬ ಗೌಂಡಿಯ ವೇಷ ಹಾಕಿದ್ದ. ವೇಷವೆಂದರೆ ಅಪ್ಪನ ಹಳೆಯ ಅಂಗಿ, ತಲೆಗೊಂದು ಟವೆಲ್, ಕೈಯಲ್ಲಿ ನಿಜವಾದ ಕರಣೆ. ಇಟ್ಟಿಗೆಯ ಮೇಲೆ ಗಾರೆ ಹಾಕಿ, ಹೆಚ್ಚಾದುದನ್ನು ಕರಣೆಯ ಅಂಚಿನಿಂದ ಸವರಿ ತೆಗೆದು, ಒಂದು ಕಣ್ಣು ಮುಚ್ಚಿ ಗೋಡೆಯ ನೇರವನ್ನು ನೋಡುವ ಆ ಭಂಗಿಯನ್ನು ಹತ್ತು ವರ್ಷದ ಹುಡುಗ ಎಷ್ಟು ಚೆನ್ನಾಗಿ ತೋರಿದನೆಂದರೆ, ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಅಡುಗೆಯವರು ಕೂಡ ನಕ್ಕು ಚಪ್ಪಾಳೆ ತಟ್ಟಿದರು. ಅಂಕಪಟ್ಟಿಯಲ್ಲಿ ವೇಷಭೂಷಣಕ್ಕೆಂದೇ ಪ್ರತ್ಯೇಕ ಅಂಕಣವಿತ್ತು. ನಾನು ನಿಯಮವನ್ನು ಪಾಲಿಸಿದೆ. ಹುಡುಗನಿಗೆ ಮೂರನೆಯ ಸ್ಥಾನ ಬಂತು.

ಮೂವತ್ತೈದು ವರ್ಷ ನಿಯಮಗಳನ್ನು ಪಾಲಿಸಿಯೇ ಬದುಕಿದವನಿಗೆ ಅಂದು ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಈ ಲೇಖನ ಆ ರಾತ್ರಿಯ ಫಲ.

ಮೊದಲೇ ಸ್ಪಷ್ಟಪಡಿಸುತ್ತೇನೆ: ಮಕ್ಕಳಿಗೆ ಸ್ಪರ್ಧೆಯೇ ಬೇಡ ಎನ್ನುವವರ ಪಕ್ಷ ನನ್ನದಲ್ಲ. ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳೆದ ನನಗೆ, ಎಪ್ಪತ್ತರ ದಶಕದಲ್ಲಿ ಪಟ್ಟಣದಲ್ಲಿ ನಡೆದ ಪ್ರಬಂಧ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನವಾಗಿ ಒಂದು ಸ್ಟೀಲ್ ಲೋಟ ದೊರೆತಿತ್ತು. ಮಗನನ್ನು ಏಳನೆಯ ತರಗತಿಯ ನಂತರ ಹೊಲಕ್ಕೆ ಹಚ್ಚಬೇಕೆಂದಿದ್ದ ನಮ್ಮ ತಂದೆ ಆ ಲೋಟವನ್ನು ನೋಡಿ ತೀರ್ಮಾನ ಬದಲಿಸಿದರೆಂದು ನಮ್ಮವ್ವ ಹೇಳುತ್ತಿದ್ದಳು. ನಂತರ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ., ಆಮೇಲೆ ಸರ್ಕಾರಿ ಸೇವೆ. ಹೀಗಾಗಿ ಒಂದು ಬಹುಮಾನ ಬಡವರ ಮನೆಯಲ್ಲಿ ಏನು ಮಾಡಬಲ್ಲದೆಂಬುದನ್ನು ನಾನು ಬಲ್ಲೆ. ನನ್ನ ತಕರಾರು ಇರುವುದು ಆ ಲೋಟದವರೆಗೆ ತಲುಪುವ ದಾರಿಯ ಬಗ್ಗೆ.

ನಮ್ಮ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಮತ್ತು ಕಲೋತ್ಸವ ಎರಡು ದಶಕಗಳಿಂದ ನಡೆದು ಬಂದಿರುವ ಒಳ್ಳೆಯ ಕಾರ್ಯಕ್ರಮ. ಕಂಠಪಾಠ, ಕಥೆ ಹೇಳುವುದು, ಆಶುಭಾಷಣ, ಚಿತ್ರಕಲೆ, ಮಣ್ಣಿನ ಮಾದರಿ, ಗಜಲ್, ಕವ್ವಾಲಿ, ಜಾನಪದ ನೃತ್ಯ ಹೀಗೆ ಅದರ ಪಟ್ಟಿ ದೊಡ್ಡದು. ಕನ್ನಡವಲ್ಲದೆ ಉರ್ದು, ಮರಾಠಿ, ತೆಲುಗು ಮೊದಲಾದ ಭಾಷೆಗಳ ಸ್ಪರ್ಧೆಗಳೂ ಇವೆ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡುವ ಬೀದರ್ ಜಿಲ್ಲೆಯ ಮಕ್ಕಳಿಗೆ ಇದು ಹೇಳಿ ಮಾಡಿಸಿದಂತಿದೆ. ಕೆಲವು ಭಾಷೆಗಳ ವಿಭಾಗದಲ್ಲಿ ಒಂದೇ ಮಗು ಬಂದು, ಅದೇ ಪ್ರಥಮವೆಂದು ಘೋಷಿತವಾಗಿ ಮುಂದಿನ ಹಂತಕ್ಕೆ ಹೋಗುವ ತಮಾಷೆಯೂ ಉಂಟು. ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ನಷ್ಟವಿರುವುದು ಬೇರೆಡೆ. ಸ್ಪರ್ಧೆ ಕ್ಲಸ್ಟರ್ ಮಟ್ಟದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯಕ್ಕೆ ಏರುತ್ತದೆ. ಪ್ರತಿ ಹಂತದಲ್ಲೂ ಊರು ದೂರವಾಗುತ್ತದೆ. ಹುಮನಾಬಾದ್ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿದೆ. 2017ರಲ್ಲಿ ಬೀದರ್–ಕಲಬುರಗಿ ಮಾರ್ಗ ಪೂರ್ಣಗೊಂಡ ಮೇಲೆ ಅಲ್ಲಿಗೆ ರೈಲೂ ಬಂತು. ಬಸವಕಲ್ಯಾಣ ಹೆದ್ದಾರಿಯಿಂದ ಒಳಗೆ ಸರಿದ ಪಟ್ಟಣ, ರೈಲು ಕಾಣದ್ದು. ಅದರಿಂದಲೂ ಒಳಗಿನ ತಾಂಡಾಗಳಿಗೆ ದಿನಕ್ಕೆರಡು ಬಸ್ಸು ಬಂದರೆ ಅದೃಷ್ಟ. ಅಂಥಲ್ಲಿಂದ ಒಂದು ಹುಡುಗಿ ಜಿಲ್ಲಾ ಮಟ್ಟಕ್ಕೆ ಹೋಗಬೇಕೆಂದರೆ ತಾಯಿಯೋ ತಂದೆಯೋ ಜೊತೆಗೆ ಹೊರಡಬೇಕು. ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿ ಹೋಯಿತು. ಇದನ್ನು ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚವೆನ್ನುತ್ತೇವೆ. ಸಂಬಳದಾರ ಕುಟುಂಬಕ್ಕೆ ಈ ವೆಚ್ಚ ಸೊನ್ನೆಗೆ ಸಮೀಪ, ರಜೆ ಹಾಕಿದರಾಯಿತು. ಕೂಲಿಯವನಿಗೆ ಅದು ಅಂದಿನ ಒಲೆಯ ಪ್ರಶ್ನೆ. ಆದ್ದರಿಂದ ಕ್ಲಸ್ಟರಿನಲ್ಲಿ ಗೆದ್ದ ಮಗು ತಾಲ್ಲೂಕಿಗೆ ಬಾರದಿದ್ದಾಗ ಗೈರುಹಾಜರಿ ಎಂದು ಬರೆದು, ಎರಡನೆಯ ಸ್ಥಾನದ ಮಗುವನ್ನು ಕಳಿಸಿ ಮುಂದೆ ಸಾಗುತ್ತೇವೆ. ಆ ಗೈರುಹಾಜರಿಗಳನ್ನು ಎಣಿಸಿ, ಕಾರಣ ಬರೆದಿಟ್ಟ ಒಂದು ಕಡತವನ್ನೂ ನನ್ನ ಸೇವಾವಧಿಯಲ್ಲಿ ನಾನು ನೋಡಿಲ್ಲ.

ಪ್ರೊ. ಡಿ.ಎಂ. ನಂಜುಂಡಪ್ಪ ನೇತೃತ್ವದ ಸಮಿತಿ 2002ರಲ್ಲಿ ವರದಿ ನೀಡಿದಾಗ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆ 39ರಲ್ಲಿ 21 ತಾಲ್ಲೂಕುಗಳು ಆಗಿನ ಗುಲಬರ್ಗಾ ವಿಭಾಗದವು. ಆಮೇಲೆ 371 (ಜೆ) ಬಂತು; ಶಿಕ್ಷಣ ಸಂಸ್ಥೆಗಳಲ್ಲಿ, ನೌಕರಿಯಲ್ಲಿ ಈ ಭಾಗದವರಿಗೆ ಮೀಸಲಾತಿ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಮೀಸಲಾತಿಯ ಫಲ ದೊರೆಯುವುದು ಹದಿನೆಂಟು ವರ್ಷದ ಹೊತ್ತಿಗೆ ಕಾಲೇಜಿನ ಬಾಗಿಲಲ್ಲಿ ನಿಂತಿರುವವರಿಗೆ. ಹದಿಮೂರರಲ್ಲೇ ಕೈಬಿಟ್ಟು ಹೋದ ಮಗುವಿಗೆ ಅದು ತಲುಪುವುದಿಲ್ಲ.

ಆ ಹದಿಮೂರು ವರ್ಷದ ವಯಸ್ಸಿಗೆಂದೇ ಇರುವ ಒಂದು ಪರೀಕ್ಷೆಯ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಯೋಜನೆಯಡಿ ದೇಶದಲ್ಲಿ ಪ್ರತಿ ವರ್ಷ ಒಂದು ಲಕ್ಷ ಮಕ್ಕಳನ್ನು ಆಯ್ಕೆ ಮಾಡುತ್ತಾರೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಮಾತ್ರ ಇದು ಮೀಸಲು. ಬೌದ್ಧಿಕ ಸಾಮರ್ಥ್ಯದ ಒಂದು ಪತ್ರಿಕೆ, ಪಠ್ಯವಿಷಯಗಳ ಒಂದು ಪತ್ರಿಕೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಆರಂಭದಲ್ಲಿ ವರ್ಷಕ್ಕೆ 6,000 ರೂಪಾಯಿ ದೊರೆಯುತ್ತಿತ್ತು, 2017ರಿಂದ 12,000. ನಾಲ್ಕು ವರ್ಷಕ್ಕೆ 48,000 ರೂಪಾಯಿ. ಹುಡುಗಿಯ ಮದುವೆಯನ್ನು ಮುಂದೂಡಲು ಒಂದು ಕುಟುಂಬಕ್ಕೆ ಇಷ್ಟು ಹಣ ಸಾಕಾಗುತ್ತದೆಂಬುದು ಉತ್ಪ್ರೇಕ್ಷೆಯಲ್ಲ. ಖಾಸಗಿ ಶಾಲೆಗಳ ಮಕ್ಕಳು ಇಲ್ಲಿ ಪೈಪೋಟಿಗೆ ಇಲ್ಲ. ಬಡ ಮಗುವೊಂದು ಬಡ ಮಕ್ಕಳೊಂದಿಗೆ ಮಾತ್ರ ಸ್ಪರ್ಧಿಸುವ ಅಪರೂಪದ ಪರೀಕ್ಷೆ ಇದು. ಆದರೆ ಇದನ್ನು ಬರೆಯಲು ಸಿಗುವುದು ಎಂಟನೆಯ ತರಗತಿಯಲ್ಲಿ, ಒಂದೇ ಅವಕಾಶ.

ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕು. ಅದನ್ನು ಕೊಡುವವನು ತಹಶೀಲ್ದಾರ. ನಾನು ತಹಶೀಲ್ದಾರನಾಗಿದ್ದ ತಾಲ್ಲೂಕೊಂದರಲ್ಲಿ, ಚುನಾವಣೆಯ ಗಡಿಬಿಡಿಯ ದಿನಗಳಲ್ಲಿ, ಆದಾಯ ಪ್ರಮಾಣಪತ್ರಗಳ ಒಂದು ಕಟ್ಟು ನನ್ನ ಮೇಜಿನ ಮೇಲೆ ನಾಲ್ಕು ದಿನ ಹಾಗೆಯೇ ಉಳಿಯಿತು. ಐದನೆಯ ದಿನ ರಾತ್ರಿ ಕುಳಿತು ಎಲ್ಲಕ್ಕೂ ಸಹಿ ಹಾಕಿದೆ; ಬೇಗನೆ ಮುಗಿಸಿದೆನೆಂಬ ಹೆಮ್ಮೆಯೂ ಇತ್ತು. ಮರುದಿನ ತಾಂಡಾದ ಒಬ್ಬ ತಂದೆ, ಮಗಳನ್ನು ಕರೆದುಕೊಂಡು ಬಂದವನು, ಪತ್ರವನ್ನು ಕೈಗೆ ತೆಗೆದುಕೊಂಡು ಅಲ್ಲಿಯೇ ನಿಂತ. ಏನೆಂದು ಕೇಳಿದೆ. ‘ನಿನ್ನೆನೇ ಮುಗೀತಂತ್ರಿ ಸಾಹೇಬ್ರ, ಫಾರ್ಮ್ ತುಂಬೋದು. ಇರ್ಲಿ ಬಿಡ್ರಿ, ಮುಂದ ಯಾವುದಕ್ಕರೆ ಬರ್ತದ’ ಎಂದ. ಅವನಲ್ಲಿ ಸಿಟ್ಟಿರಲಿಲ್ಲ. ಹುಡುಗಿ ನನ್ನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ನೋಡುತ್ತಿದ್ದಳು. ಯಾವುದೋ ಪರೀಕ್ಷೆಯಿರಬೇಕು, ಮುಂದಿನ ವರ್ಷ ಬರೆಯಬಹುದೆಂದು ನಾನೂ ಸಮಾಧಾನದ ಮಾತು ಹೇಳಿ ಕಳಿಸಿದೆ. ಮುಂದಿನ ವರ್ಷವೆಂಬುದು ಅದಕ್ಕೆ ಇಲ್ಲವೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ, ಬೇರೊಂದು ಸಭೆಯಲ್ಲಿ. ಆಗ ಆ ಹಳ್ಳಿಗೆ ವಿಚಾರಿಸಿ ಹೇಳಿಕಳಿಸಿದೆ. ಕುಟುಂಬ ಪುಣೆಗೆ ದುಡಿಯಲು ಹೋಗಿದೆಯೆಂಬ ಉತ್ತರ ಬಂತು.

ಈಗ ಅರ್ಜಿಗಳೆಲ್ಲ ಆನ್‌ಲೈನ್ ಆಗಿವೆ, ಪ್ರಮಾಣಪತ್ರ ನಾಡಕಚೇರಿಯಲ್ಲಿ ದೊರೆಯುತ್ತದೆ, ಆದಾಯದ ಮಿತಿಯೂ ಮೂರೂವರೆ ಲಕ್ಷಕ್ಕೆ ಏರಿದೆ. ಸುಧಾರಣೆಯಾಗಿಲ್ಲವೆಂದು ನಾನು ಹೇಳಲಾರೆ. ಆದರೂ ಮೂಲ ವ್ಯವಸ್ಥೆ ಬದಲಾಗಿಲ್ಲ: ಮಗುವಿಗೂ ಸ್ಪರ್ಧೆಗೂ ನಡುವೆ ಒಬ್ಬ ಮುಖ್ಯೋಪಾಧ್ಯಾಯ, ಒಬ್ಬ ಗುಮಾಸ್ತ, ಒಬ್ಬ ನನ್ನಂಥವನು. ಇವರಲ್ಲಿ ಒಬ್ಬರಿಗೆ ಪುರುಸೊತ್ತಿಲ್ಲದಿದ್ದರೆ ಸಾಕು.

ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿದೆ. ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು; ಮುಕ್ಕಾಲು ಪಾಲು ಗ್ರಾಮೀಣ ಮಕ್ಕಳಿಗೆ. ಈ ಒಂದು ಶಾಲೆ ನಮ್ಮ ಭಾಗದ ಎಷ್ಟೋ ಮನೆಗಳ ಹಣೆಬರಹವನ್ನೇ ಬದಲಿಸಿದೆಯೆಂಬುದನ್ನು ಮನಃಪೂರ್ವಕ ಒಪ್ಪುತ್ತೇನೆ. ಆದರೆ ಅದರ ಪ್ರವೇಶ ಪರೀಕ್ಷೆಗೆ ಹತ್ತು ವರ್ಷದ ಮಕ್ಕಳನ್ನು ತಯಾರು ಮಾಡುವ ಕೋಚಿಂಗ್ ಈಗ ಪಟ್ಟಣಗಳಲ್ಲಿ ಒಂದು ವ್ಯಾಪಾರವಾಗಿದೆ. ಹಳ್ಳಿಯ ವಿಳಾಸದಲ್ಲಿ ಗ್ರಾಮೀಣರಾಗಿ, ಪಟ್ಟಣದ ಕೋಚಿಂಗಿನಲ್ಲಿ ಕುಳಿತಿರುವ ಮಕ್ಕಳನ್ನು ಯಾರೂ ನೋಡಬಹುದು.

ಇನ್ನು ‘ಒಲಿಂಪಿಯಾಡ್’ ಹೆಸರಿನ ಖಾಸಗಿ ಪರೀಕ್ಷೆಗಳು. 1959ರಲ್ಲಿ ರುಮೇನಿಯಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಭಾರತ 1989ರಿಂದ ತಂಡ ಕಳಿಸುತ್ತಿದೆ; 2024ರಲ್ಲಿ ನಮ್ಮ ಮಕ್ಕಳು ನಾಲ್ಕು ಚಿನ್ನ ಗೆದ್ದು ನಾಲ್ಕನೆಯ ಸ್ಥಾನ ಪಡೆದರು. ಅದಕ್ಕೂ, ಶಾಲೆಗಳ ಮೂಲಕ ಶುಲ್ಕ ವಸೂಲಿ ಮಾಡಿ, ಅಭ್ಯಾಸ ಪುಸ್ತಕ ಮಾರಿ, ಶಾಲೆಗೊಂದರಂತೆ ಪದಕ ಹಂಚುವ ಪರೀಕ್ಷೆಗಳಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಹುಮನಾಬಾದಿನ ಮನೆಗಳಲ್ಲೂ ಈಗ ಇಂಥ ಪದಕಗಳು ಗೋಡೆಯ ಮೇಲಿವೆ. ಮಕ್ಕಳ ಸಂತೋಷಕ್ಕೆ ನಾನೇಕೆ ಅಡ್ಡಿಯಾಗಲಿ. ಆದರೆ ಅದೇ ಹೊತ್ತಿನಲ್ಲಿ, ಶುಲ್ಕವಿಲ್ಲದೆ ನಡೆಯುತ್ತಿದ್ದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆಯನ್ನು, ಅರುವತ್ತರ ದಶಕದಿಂದ ನಡೆದು ಬಂದದ್ದನ್ನು, 2021ರ ನಂತರ ತಡೆಹಿಡಿದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯೂ ಆಗಲಿಲ್ಲ.

ಶಾಲೆಯ ಪಟ್ಟಿಯಲ್ಲೇ ಹೆಸರಿಲ್ಲದ ಮಕ್ಕಳ ಕತೆ ಬೇರೆ. ಇವರು ಎರಡು ಬಗೆಯವರು. ಬೆಂಗಳೂರು, ಮುಂಬೈ, ಪುಣೆಗಳಲ್ಲಿ ಓದಿದ ತಂದೆತಾಯಿಗಳು ಬೇಕೆಂದೇ ಮನೆಯಲ್ಲಿ ಕಲಿಸುವ ಮಕ್ಕಳು ಒಂದು ಬಗೆ. ಮುಂಬೈಯ ಒಬ್ಬ ಹುಡುಗಿ ಏಳನೆಯ ತರಗತಿಯ ನಂತರ ಶಾಲೆ ಬಿಟ್ಟು ಮನೆಯಲ್ಲೇ ಕಲಿತು, ಕಂಪ್ಯೂಟರ್ ಪ್ರೋಗ್ರಾಮಿಂಗಿನ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಮೂರು ಪದಕ ಗೆದ್ದು, 2016ರಲ್ಲಿ ಅಮೆರಿಕದ ಎಂಐಟಿಗೆ ಪ್ರವೇಶ ಪಡೆದದ್ದು ವರದಿಯಾಗಿತ್ತು. ಹನ್ನೆರಡನೆಯ ತರಗತಿಯ ಪ್ರಮಾಣಪತ್ರವಿಲ್ಲದ್ದರಿಂದ ನಮ್ಮ ಐಐಟಿಗಳ ಬಾಗಿಲು ಅವಳಿಗೆ ಮುಚ್ಚಿತ್ತು. ಶಾಲೆಯ ದಾಖಲೆ ಇಲ್ಲದಿದ್ದರೂ ಆ ಸ್ಪರ್ಧೆಯ ಬಾಗಿಲು ತೆರೆದಿತ್ತು. ಇನ್ನೊಂದು ಬಗೆಯವರು ನಮ್ಮವರು. ದೀಪಾವಳಿ ಕಳೆಯುತ್ತಲೇ ತಾಂಡಾಗಳಿಂದ ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳ ಮಕ್ಕಳು. ಗಡಿಯಾಚೆಯ ಮರಾಠವಾಡದಿಂದ ಕಬ್ಬು ಕಡಿಯಲು ಬಂದವರ ಗುಡಿಸಲಿನ ಮಕ್ಕಳು. ನಮ್ಮ ಬಹುತೇಕ ಸ್ಪರ್ಧೆಗಳು, ಪರೀಕ್ಷೆಗಳು ನಡೆಯುವುದೂ ದಸರೆಯಿಂದ ಜನವರಿಯವರೆಗಿನ ಇದೇ ತಿಂಗಳುಗಳಲ್ಲಿ. ಶಿಕ್ಷಣ ಹಕ್ಕು ಕಾಯ್ದೆ ಮನೆಯಲ್ಲಿ ಕಲಿಯುವ ಪದ್ಧತಿಯ ಬಗ್ಗೆ ಪ್ರತ್ಯೇಕವಾಗಿ ಏನನ್ನೂ ಹೇಳುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲೆ ಹದಿನಾಲ್ಕು ತುಂಬಿದವರಿಗೆ ಹತ್ತನೆಯ ತರಗತಿಯ ಪರೀಕ್ಷೆ ಬರೆಯಲು ಬಿಡುತ್ತದೆ. ಆದರೆ ಸ್ಪರ್ಧೆಯ ಅರ್ಜಿಯಲ್ಲಿ ಶಾಲೆಯ ಸಂಕೇತ ಸಂಖ್ಯೆ ಕೇಳುವ ಚೌಕವನ್ನು ತುಂಬಲು ಈ ಎರಡೂ ಬಗೆಯ ಮಕ್ಕಳಿಗೆ ಆಗುವುದಿಲ್ಲ. ನಗರದ ತಾಯಿಗೆ ಬೇರೆ ದಾರಿ ಹುಡುಕುವ ಶಕ್ತಿಯಿದೆ. ಗೌಂಡಿಯ ಮಗಳಿಗೆ ಇಲ್ಲ.

ಇದಕ್ಕೆ ಪರಿಹಾರವಿಲ್ಲವೇ? ನೂರಮೂವತ್ತು ವರ್ಷಗಳ ಹಿಂದಿನ ಒಂದು ಉದಾಹರಣೆ ಇದೆ. 1894ರಲ್ಲಿ ಹಂಗೇರಿಯ ಗ್ಯೋರ್ ಎಂಬ ಪಟ್ಟಣದ ಪ್ರೌಢಶಾಲಾ ಶಿಕ್ಷಕ ಡೇನಿಯಲ್ ಅರಾನಿ ಮಕ್ಕಳಿಗಾಗಿ ಒಂದು ಗಣಿತ ಮಾಸಪತ್ರಿಕೆ ಆರಂಭಿಸಿದ. ಪತ್ರಿಕೆಯಲ್ಲಿ ಲೆಕ್ಕಗಳನ್ನು ಕೊಡುವುದು, ದೇಶದ ಯಾವ ಮೂಲೆಯ ಹುಡುಗನಾದರೂ ಮನೆಯಲ್ಲಿ ಬಿಡಿಸಿ ಅಂಚೆಯಲ್ಲಿ ಕಳಿಸುವುದು, ಉತ್ತಮ ಉತ್ತರವನ್ನು ಬರೆದವನ ಹೆಸರಿನೊಂದಿಗೆ ಅಚ್ಚು ಹಾಕುವುದು, ಚೆನ್ನಾಗಿ ಮಾಡಿದವರ ಭಾವಚಿತ್ರ ಪ್ರಕಟಿಸುವುದು. ಇಷ್ಟೇ. ಕಾಯಿಲೆಯ ಭಯದಿಂದ ತಾಯಿ ಬಾಲ್ಯದ ಬಹುಪಾಲು ಮನೆಯಲ್ಲೇ ಇಟ್ಟು ಕಲಿಸಿದ ಪಾಲ್ ಏರ್ಡಿಶ್ ಎಂಬ ಹುಡುಗ ಆ ಪತ್ರಿಕೆಯ ಲೆಕ್ಕಗಳನ್ನು ಬಿಡಿಸಿ ಕಳಿಸುತ್ತಿದ್ದ. ಮುಂದೆ ಇಪ್ಪತ್ತನೆಯ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದ. ಪತ್ರಿಕೆ ಇಂದಿಗೂ ಬರುತ್ತಿದೆ. ನನ್ನ ಗಮನ ಸೆಳೆದದ್ದು ಏರ್ಡಿಶ್ ಮಾತ್ರವಲ್ಲ. ಸೋತವನಿಗೂ ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ ಮನೆಗೆ ಬರುತ್ತಿತ್ತು ಎಂಬುದು.

ನನ್ನ ಆ ಪ್ರಬಂಧ ನನಗೆ ಹಿಂದಿರುಗಿ ಬರಲಿಲ್ಲ. ಎರಡನೆಯ ಸ್ಥಾನ ಏಕೆ, ಮೊದಲನೆಯದು ಏಕಲ್ಲ ಎಂಬುದು ಐವತ್ತು ವರ್ಷಗಳ ನಂತರವೂ ನನಗೆ ತಿಳಿದಿಲ್ಲ. ನಾನು ಗೆದ್ದವನಾದ್ದರಿಂದ ಅದು ಬರೀ ಕುತೂಹಲ. ಸೋತ ನೂರಾರು ಮಕ್ಕಳು ಏನನ್ನೂ ಕಲಿಯದೆ ಮನೆಗೆ ಹೋಗುವುದು ಮಾತ್ರ ವ್ಯವಸ್ಥೆಯ ದೋಷ.

ನೆರೆಯ ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ಅಲ್ಲಿ ಕನ್ನಡ ಭಾಷಣ, ಕಂಠಪಾಠಗಳಿವೆ, ಯಕ್ಷಗಾನವೂ ಇದೆ. ಗಡಿನಾಡಿನ ಭಾಷೆಗೆ ಅಷ್ಟು ಗೌರವ ಕೊಟ್ಟ ಅದೇ ಉತ್ಸವದಲ್ಲಿ ನೃತ್ಯದ ವೇಷಭೂಷಣಕ್ಕೆ ತಂದೆತಾಯಿಗಳು ಸಾಲ ಮಾಡುವ ಸ್ಥಿತಿಯೂ ಬಂತೆಂಬ ಟೀಕೆ ಅಲ್ಲಿನವರದೇ. ಉತ್ಸವ ದೊಡ್ಡದಾಗಿ ಬೆಳೆದಷ್ಟೂ ಈ ರೋಗ ಬರುತ್ತದೆ. ಆದ್ದರಿಂದ ನನ್ನ ಸಲಹೆ ದೊಡ್ಡ ಉತ್ಸವದ್ದಲ್ಲ.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಿವೆ. ಈಚೆಗೆ ಅರಿವು ಕೇಂದ್ರಗಳೆಂಬ ಹೆಸರೂ ಬಂದಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಅದಕ್ಕೆ ಶಾಲೆಯ ಸಂಕೇತ ಸಂಖ್ಯೆ ಬೇಕಿಲ್ಲ, ಮಗುವಾಗಿದ್ದರೆ ಸಾಕು. ತಿಂಗಳಿಗೊಂದು ಹಾಳೆಯನ್ನು ಆ ಗ್ರಂಥಾಲಯದ ಗೋಡೆಗೆ ಅಂಟಿಸಲಿ: ಐದು ಲೆಕ್ಕ, ಒಂದು ಕತೆಯ ಆರಂಭ, ಒಂದು ಚಿತ್ರದ ವಿಷಯ; ಕನ್ನಡ, ಮರಾಠಿ, ಉರ್ದು ಮೂರರಲ್ಲೂ. ಯಾವ ಮಗುವಾದರೂ ಯಾವ ಊರಿನಿಂದಾದರೂ ಬರೆದು ಗ್ರಂಥಾಲಯದ ಡಬ್ಬಿಗೆ ಹಾಕಲಿ. ದುಡಿಯಲು ಹೋದ ಕುಟುಂಬದ ಮಗು ತಾನಿರುವಲ್ಲಿಂದ ಅಂಚೆಯಲ್ಲಿ ಕಳಿಸಲಿ, ಇಲ್ಲವೇ ಫೋನಿನಲ್ಲಿ ಫೋಟೊ ತೆಗೆದು ಕಳಿಸಲಿ. ತಾಲ್ಲೂಕಿನ ನಿವೃತ್ತ ಶಿಕ್ಷಕರು ತಿದ್ದಲಿ. ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಇಂಥ ಕೆಲಸಕ್ಕೆ ಕಾದು ಕುಳಿತಿರುವ ಹಿರಿಯ ಮೇಷ್ಟ್ರುಗಳನ್ನು ನಾನೇ ಬಲ್ಲೆ. ತಿದ್ದಿದ ಹಾಳೆ ಮಗುವಿಗೆ ಹಿಂದಿರುಗಬೇಕು, ಎರಡು ಸಾಲು ಬರೆದು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಮೊದಲು, ವಲಸೆ ಹೊರಡುವ ಮುಂಚೆ, ಪಂಚಾಯಿತಿಯಲ್ಲೇ ಎದುರು ಕೂರಿಸಿ ಒಂದು ಸ್ಪರ್ಧೆ ನಡೆಯಲಿ. ಮುಂದಿನ ಹಂತಕ್ಕೆ ಹೋಗುವ ಮಗುವಿನೊಂದಿಗೆ ಬರುವವರಿಗೆ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿಯನ್ನು ಮಂಡಳಿ ಕೊಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್ಟಿನಲ್ಲಿ ಘೋಷಿಸಿದ ಮೊತ್ತ 5,000 ಕೋಟಿ ರೂಪಾಯಿ. ನಾನು ಹೇಳುವ ಖರ್ಚು ಅದರ ಲೆಕ್ಕದಲ್ಲಿ ಕಾಣಿಸುವುದೂ ಇಲ್ಲ.

ಇದು ಕೇವಲ ಕಲ್ಪನೆಯಲ್ಲ. ಅಕ್ಷರ ಫೌಂಡೇಷನ್ ಸಂಸ್ಥೆ ಸರ್ಕಾರಿ ಶಾಲೆಗಳ ನಾಲ್ಕು, ಐದು, ಆರನೆಯ ತರಗತಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಗಣಿತ ಸ್ಪರ್ಧೆಗಳನ್ನು ವರ್ಷಗಳ ಕಾಲ ನಡೆಸಿದೆ. ಊರಿನವರೇ ಬಹುಮಾನದ ಹಣ ಕೊಡುತ್ತಾರೆ, ತಂದೆತಾಯಿಗಳು ಹೊರಗೆ ನಿಂತು ಕಾಯುತ್ತಾರೆ. ಊರಿನ ಮಕ್ಕಳಿಗೆ ಭಾಗಾಕಾರ ಬರುವುದಿಲ್ಲವೆಂಬುದು ಅಂಕಿಅಂಶದ ಪುಸ್ತಕದಲ್ಲಿ ಅಡಗದೆ, ಪಂಚಾಯಿತಿ ಕಟ್ಟೆಯ ಮಾತಾಗುತ್ತದೆ.

ಮನೆಯಲ್ಲಿ ಬರೆದರೆ ಅಪ್ಪ-ಅಮ್ಮ ಬರೆದುಕೊಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರೆದುಕೊಡಲಿ. ಅಕ್ಷರ ಬಲ್ಲ ಅಪ್ಪ ಮಗಳೊಂದಿಗೆ ಕುಳಿತು ಒಂದು ಲೆಕ್ಕ ಬಿಡಿಸಿದರೆ ನಷ್ಟವೇನು? ತಿಂಗಳ ಹಾಳೆಗೆ ಹಣದ ಬಹುಮಾನ ಇಡದಿದ್ದರೆ ಆ ಆಸೆಯೂ ಹುಟ್ಟುವುದಿಲ್ಲ.

ಈ ನೆಲಕ್ಕೆ ಸ್ಪರ್ಧೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಪಟ್ಟಿ ಮಾಡುವಾಗ ಮಲ್ಲಯುದ್ಧ, ಆನೆಗಳ ಕಾಳಗಗಳ ಜೊತೆಗೆ ಶಾಸ್ತ್ರವಿನೋದವನ್ನೂ ಸೇರಿಸಿದ್ದಾನೆ. ಆಸ್ಥಾನಕ್ಕೆ ಬರಬಲ್ಲವರಿಗೆ ಮಾತ್ರ ಅದು. ಕೆಲವೇ ದಶಕಗಳ ನಂತರ ಅದೇ ಊರಿನಲ್ಲಿ ಮಡಿವಾಳರು, ಅಂಬಿಗರು, ಮಾದಾರರು ಕುಳಿತು ಮಾತನಾಡಿದ ಇನ್ನೊಂದು ಸಭೆ ಸೇರಿತು. ಅದರ ಹೆಸರಿನಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಲಾಯಿತು. ಎರಡರಲ್ಲಿ ನಮ್ಮ ತಾಲ್ಲೂಕು ಮಟ್ಟದ ಸಭಾಂಗಣ ಯಾವುದಕ್ಕೆ ಹತ್ತಿರವಿದೆಯೆಂದು ಆ ದಿನ ತೀರ್ಪುಗಾರರ ಕುರ್ಚಿಯಲ್ಲಿ ನಾನು ಕೇಳಿಕೊಳ್ಳಬೇಕಿತ್ತು.

ಈ ವರ್ಷವೂ ಕರೆ ಬಂದಿದೆ. ಬರುತ್ತೇನೆ, ಆದರೆ ಎರಡು ಷರತ್ತು ಎಂದೆ. ವೇಷಭೂಷಣದ ಅಂಕಣವನ್ನು ತೆಗೆಯಬೇಕು. ಪ್ರತಿ ಮಗುವಿಗೂ ನಾನು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಕೊಡುತ್ತೇನೆ, ಅದಕ್ಕೆ ಅರ್ಧ ಗಂಟೆ ಹೆಚ್ಚು ಬೇಕು. ಎರಡನೆಯದಕ್ಕೆ ತಕ್ಷಣ ಒಪ್ಪಿದರು. ಮೊದಲನೆಯದಕ್ಕೆ ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದಿದ್ದಾರೆ. ಕಾಯುತ್ತಿದ್ದೇನೆ.